ಮೂಲನಿವಾಸಿಗಳ ದೃಷ್ಟಿ ಮತ್ತು ಕ್ಯಾಂಪಸ್ಸಿನ ಹವಾಮಾನ ಯೋಜನೆ: ಸ್ನಾತಕೋತ್ತರ ಸಂಶೋಧನೆಗೆ ಒಂದು ಸಮಗ್ರ ಮಾರ್ಗದರ್ಶಿ

ಕೆನಡಾದ ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನ, ಅರಣ್ಯಶಾಸ್ತ್ರ, ನಗರ ಯೋಜನೆ, ಸಾರ್ವಜನಿಕ ನೀತಿ ಮೊದಲಾದ ವಿಭಾಗಗಳನ್ನು ಸೇರುವ ನಮ್ಮ ವಿದ್ಯಾರ್ಥಿಗಳು ಸಂಶೋಧನೆಯ ವಿಷಯ ಆರಿಸುವ ಹೊತ್ತಿಗೆ ಎರಡು ಮಾತುಗಳನ್ನು ಪದೇ ಪದೇ ಕೇಳಿರುತ್ತಾರೆ. ವಿಶ್ವವಿದ್ಯಾಲಯವು ತನ್ನ ಇಂಗಾಲದ ಹೊರಸೂಸುವಿಕೆಯನ್ನು ಇಳಿಸಿಕೊಳ್ಳಬೇಕು ಎಂಬುದು ಒಂದು. ತಾನು ನಿಂತಿರುವ ನೆಲದ ಮೂಲನಿವಾಸಿಗಳೊಂದಿಗೆ ಸಂಬಂಧವನ್ನು ಸರಿಪಡಿಸಿಕೊಳ್ಳಬೇಕು ಎಂಬುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಯೋಜನೆಗಳು, ಬೇರೆ ಕಚೇರಿಗಳು, ಬೇರೆ ವರದಿಗಳು ಇರುತ್ತವೆ. ಇವೆರಡನ್ನೂ ಒಂದೇ ಪ್ರಶ್ನೆಯೊಳಗೆ ತಂದು, ಎರಡು ವರ್ಷಗಳ ಸ್ನಾತಕೋತ್ತರ ಅವಧಿಯಲ್ಲಿ ಯಾರಿಗೂ ಅನ್ಯಾಯವಾಗದಂತೆ ಪ್ರಬಂಧವನ್ನು ಮುಗಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ಉದಾಹರಣೆಯಾಗಿ ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯವನ್ನು, ಅಂದರೆ ಎಲ್ಲರೂ ಯುಬಿಸಿ ಎಂದು ಕರೆಯುವ ಸಂಸ್ಥೆಯನ್ನು ಆರಿಸಿಕೊಂಡಿದ್ದೇನೆ. ಎರಡೂ ಬಗೆಯ ದಾಖಲೆಗಳು ಅಲ್ಲಿ ಹೇರಳವಾಗಿ, ಸಾರ್ವಜನಿಕವಾಗಿ ಸಿಗುತ್ತವೆ.

ಆರಂಭದಲ್ಲಿಯೇ ನನ್ನ ನಿಲುವನ್ನು ಹೇಳಿಬಿಡುತ್ತೇನೆ. ಇಂತಹ ಸಂಶೋಧನೆಯಲ್ಲಿ ಮೊದಲು ಪರೀಕ್ಷೆಗೆ ಒಳಪಡಬೇಕಾದದ್ದು ವಿಶ್ವವಿದ್ಯಾಲಯವೇ. ಅದರ ಯೋಜನೆ, ಖರೀದಿ, ಕೊಳವೆ, ಲೆಕ್ಕಪತ್ರ, ನಿರ್ಧಾರ ಇವುಗಳನ್ನು ಮೂಲನಿವಾಸಿಗಳು ಈಗಾಗಲೇ ಬಹಿರಂಗವಾಗಿ ಹೇಳಿರುವ ಮಾತುಗಳ ಬೆಳಕಿನಲ್ಲಿ ಓದಬೇಕು. ಸಮುದಾಯದ ಹಿರಿಯರನ್ನು ಸಂದರ್ಶಿಸಿ ಅವರ ಜ್ಞಾನವನ್ನು ಬರೆದುಕೊಂಡು ಬರುವುದೇ ಈ ವಿಷಯದ ಸಹಜ ವಿಧಾನ ಎಂಬ ಭಾವನೆ ವ್ಯಾಪಕವಾಗಿದೆ. ಬಹುಪಾಲು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅದು ತಕ್ಕ ವಿಧಾನವಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಹಂತ 1: ನೆಲದ ಇತಿಹಾಸವನ್ನೂ ಕಾನೂನನ್ನೂ ಓದಿಕೊಳ್ಳಿ

ಯುಬಿಸಿಯ ಮುಖ್ಯ ಕ್ಯಾಂಪಸ್ ಇರುವುದು ಮಸ್ಕ್ವೀಯಂ ಜನರ ನೆಲದಲ್ಲಿ. ವಿಶ್ವವಿದ್ಯಾಲಯವು ಪಾಯಿಂಟ್ ಗ್ರೇ ಭೂಶಿರದ ಮೇಲಿನ ಈಗಿನ ಜಾಗಕ್ಕೆ ಬಂದದ್ದು 1925ರಲ್ಲಿ. ಮಸ್ಕ್ವೀಯಂ ಜನರು ಫ್ರೇಸರ್ ನದಿಯ ಮುಖಜಭೂಮಿಯಲ್ಲಿ ಸಾವಿರಾರು ವರ್ಷಗಳಿಂದ ಬದುಕಿದ್ದಾರೆ, ಇಂದಿಗೂ ಅವರ ಮುಖ್ಯ ವಸತಿ ಕ್ಯಾಂಪಸ್ಸಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಬಹುಭಾಗದಲ್ಲಿ ಬ್ರಿಟಿಷ್ ಆಡಳಿತವು ಮೂಲನಿವಾಸಿಗಳೊಂದಿಗೆ ಒಪ್ಪಂದವನ್ನೇ ಮಾಡಿಕೊಳ್ಳಲಿಲ್ಲ. ನೆಲವನ್ನು ಅವರು ಮಾರಲಿಲ್ಲ, ಬರೆದುಕೊಡಲಿಲ್ಲ, ಬಿಟ್ಟುಕೊಡಲಿಲ್ಲ. ‘ನಾವು ಇಂಥ ಜನರ ನೆಲದ ಮೇಲಿದ್ದೇವೆ’ ಎಂದು ಅಲ್ಲಿನ ಸಭೆಗಳ ಆರಂಭದಲ್ಲಿ ವಾಚಿಸುವ ಸ್ಮರಣೆಯ ಸಾಲುಗಳ ಹಿಂದೆ ಈ ಕಾನೂನಿನ ಸಂಗತಿ ಇದೆ. ಅದನ್ನು ತಿಳಿಯದೆ ಪ್ರಬಂಧದ ಮೊದಲ ಪುಟದಲ್ಲಿ ಆ ಸಾಲುಗಳನ್ನು ನಕಲು ಮಾಡಿದರೆ ಪ್ರಯೋಜನವಿಲ್ಲ.

ಎರಡು ತೀರ್ಪುಗಳನ್ನು ಓದಲೇಬೇಕು, ಎರಡೂ ಮಸ್ಕ್ವೀಯಂ ಜನರಿಂದ ಬಂದವು. 1984ರ ಗೆರಿನ್ ಪ್ರಕರಣದಲ್ಲಿ, ಮಸ್ಕ್ವೀಯಂ ಮೀಸಲು ಭೂಮಿಯನ್ನು ಅವರು ಒಪ್ಪಿದ ಷರತ್ತುಗಳಿಗಿಂತ ಕೀಳಾದ ಷರತ್ತುಗಳಲ್ಲಿ ಗಾಲ್ಫ್ ಕ್ಲಬ್ಬೊಂದಕ್ಕೆ ಗುತ್ತಿಗೆ ಕೊಟ್ಟ ಕೇಂದ್ರ ಸರ್ಕಾರವು ತನ್ನ ವಿಶ್ವಸ್ತನ ಹೊಣೆಯನ್ನು ಮುರಿದಿದೆ ಎಂದು ಕೆನಡಾದ ಸುಪ್ರೀಂ ಕೋರ್ಟ್ ಹೇಳಿತು. 1990ರ ಸ್ಪ್ಯಾರೋ ಪ್ರಕರಣ ಮೀನುಗಾರಿಕೆಯದು. ಪರವಾನಗಿಯಲ್ಲಿ ಹೇಳಿದ್ದಕ್ಕಿಂತ ಉದ್ದನೆಯ ಬಲೆ ಬಳಸಿದನೆಂದು ಮಸ್ಕ್ವೀಯಂ ಮೀನುಗಾರನೊಬ್ಬನ ಮೇಲೆ ಹೂಡಿದ ಮೊಕದ್ದಮೆ, ಮೂಲನಿವಾಸಿಗಳ ಹಕ್ಕುಗಳಿಗೆ ಕೆನಡಾದ ಸಂವಿಧಾನ ನೀಡುವ ರಕ್ಷಣೆಯ ಅರ್ಥವನ್ನೇ ನಿಗದಿಪಡಿಸಿತು. ಹವಾಮಾನದ ಪ್ರಬಂಧಕ್ಕೆ ಮೀನಿನ ಮೊಕದ್ದಮೆ ಏಕೆ ಬೇಕು ಎಂದು ಕೇಳಬಹುದು. ಹೊಳೆಯ ನೀರು ಬಿಸಿಯಾಗುವುದು, ಮಳೆಗಾಲದಲ್ಲಿ ಕ್ಯಾಂಪಸ್ಸುಗಳ ಛಾವಣಿಗಳಿಂದಲೂ ರಸ್ತೆಗಳಿಂದಲೂ ನೀರು ನುಗ್ಗಿ ಹೊಳೆಯ ದಂಡೆ ಕೊರೆಯುವುದು, ಸಾಲ್ಮನ್ ಮೀನು ಬಾರದಿರುವುದು ಇವೆಲ್ಲವೂ ಸಂವಿಧಾನ ಗುರುತಿಸಿದ ಹಕ್ಕಿನ ಮೇಲೆ ಬೀಳುವ ಪೆಟ್ಟುಗಳು. ವ್ಯಾಂಕೂವರ್ ನಗರದಲ್ಲಿ ಉಳಿದಿರುವ ಕೊನೆಯ ಕಾಡು ಸಾಲ್ಮನ್ ಹೊಳೆ ಎಂದು ಹೆಸರಾದ ಮಸ್ಕ್ವೀಯಂ ಕ್ರೀಕ್ ಹರಿಯುವುದು ಕ್ಯಾಂಪಸ್ಸಿನ ನೆರೆಯ ಕಾಡಿನ ಮೂಲಕವೇ.

ಇವುಗಳ ಜೊತೆಗೆ ವಿಶ್ವಸಂಸ್ಥೆಯ 2007ರ ಮೂಲನಿವಾಸಿ ಹಕ್ಕುಗಳ ಘೋಷಣೆ, ಅದನ್ನು ಪ್ರಾಂತ್ಯದ ಕಾನೂನಿಗೆ ಅನ್ವಯಿಸಲು ಬ್ರಿಟಿಷ್ ಕೊಲಂಬಿಯಾ 2019ರಲ್ಲಿ ಮಾಡಿದ ಕಾಯ್ದೆ, ಮೂಲನಿವಾಸಿ ಮಕ್ಕಳಿಗೆ ವಸತಿ ಶಾಲೆಗಳಲ್ಲಿ ಆದ ಅನ್ಯಾಯವನ್ನು ಪರಿಶೀಲಿಸಿದ ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ ನೀಡಿದ 94 ಕರೆಗಳು, ಯುಬಿಸಿ 2020ರಲ್ಲಿ ಪ್ರಕಟಿಸಿದ ಮೂಲನಿವಾಸಿ ಕಾರ್ಯತಂತ್ರ ಯೋಜನೆ ಇಷ್ಟನ್ನು ಓದಿ ಟಿಪ್ಪಣಿ ಮಾಡಿಕೊಳ್ಳಿ. ಕೊನೆಯದರಲ್ಲಿ 8 ಗುರಿಗಳೂ 43 ಕ್ರಮಗಳೂ ಇವೆ. ಅವು ಮುಂದೆ ಕೈಗೆ ಬರುತ್ತವೆ.

ಓದಿಗೆ ಹ್ವೇಹ್ವಾ ಗ್ರಂಥಾಲಯವನ್ನು ಬಳಸಿ. ಇದು ಯುಬಿಸಿಯಲ್ಲೇ ಇರುವ ಮೂಲನಿವಾಸಿ ವಿಷಯಗಳ ಶಾಖೆ. ಇಲ್ಲಿನ ಪುಸ್ತಕಗಳನ್ನು ಮೋಹಾಕ್ ಗ್ರಂಥಪಾಲಕ ಬ್ರಯನ್ ಡಿಯರ್ 1970ರ ದಶಕದಲ್ಲಿ ರೂಪಿಸಿದ ವರ್ಗೀಕರಣವನ್ನು ಆಧರಿಸಿ ಜೋಡಿಸಲಾಗಿದೆ. ಸಾಮಾನ್ಯ ಗ್ರಂಥಾಲಯದಲ್ಲಿ ಇತಿಹಾಸದ ಕಪಾಟಿನಲ್ಲಿ ಒಟ್ಟಾಗಿ ಬಿದ್ದಿರುವ ಪುಸ್ತಕಗಳು ಇಲ್ಲಿ ಜನಾಂಗಗಳ ಭೌಗೋಳಿಕ ನೆರೆಹೊರೆಗೆ ತಕ್ಕಂತೆ ಕುಳಿತಿರುತ್ತವೆ. ಕಪಾಟುಗಳ ನಡುವೆ ಒಂದು ಮಧ್ಯಾಹ್ನ ಓಡಾಡಿದರೆ ಗಣಕಯಂತ್ರದ ಹುಡುಕಾಟದಲ್ಲಿ ಸಿಗದ ಎಷ್ಟೋ ವರದಿಗಳು ಕಣ್ಣಿಗೆ ಬೀಳುತ್ತವೆ.

ಹಂತ 2: ಕ್ಯಾಂಪಸ್ಸಿನ ಹವಾಮಾನ ಯೋಜನೆಯನ್ನು ಲೆಕ್ಕ ಸಮೇತ ಅರಿತುಕೊಳ್ಳಿ

ಯುಬಿಸಿ 2010ರಲ್ಲಿ ಮೊದಲ ಹವಾಮಾನ ಕ್ರಿಯಾ ಯೋಜನೆಯನ್ನು ಪ್ರಕಟಿಸಿತು. 2007ರ ಮಟ್ಟಕ್ಕೆ ಹೋಲಿಸಿ 2015ಕ್ಕೆ ಶೇ. 33, 2020ಕ್ಕೆ ಶೇ. 67, 2050ಕ್ಕೆ ಶೇ. 100 ಇಳಿಕೆ ಎಂಬುದು ಅದರ ಗುರಿಯಾಗಿತ್ತು. 2011 ಮತ್ತು 2015ರ ನಡುವೆ ಹಳೆಯ ಹಬೆಯ ಕೊಳವೆಗಳನ್ನು ತೆಗೆದು ಬಿಸಿನೀರಿನ ಜಾಲವನ್ನು ಹಾಕಿದ್ದು ಈ ಅವಧಿಯ ದೊಡ್ಡ ಕೆಲಸ. 2012ರಲ್ಲಿ ಮರದ ತ್ಯಾಜ್ಯದಿಂದ ಶಾಖ ಉತ್ಪಾದಿಸುವ ಜೈವಿಕ ಇಂಧನ ಘಟಕವೂ ಆರಂಭವಾಯಿತು. 2019ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯವು ಹವಾಮಾನ ತುರ್ತುಸ್ಥಿತಿಯನ್ನು ಘೋಷಿಸಿತು. 2021ರಲ್ಲಿ ಅಂಗೀಕಾರವಾದ ಹೊಸ ಯೋಜನೆಯು ಕ್ಯಾಂಪಸ್ಸಿನ ನೇರ ಹೊರಸೂಸುವಿಕೆಯನ್ನು 2030ರ ಹೊತ್ತಿಗೆ ಶೇ. 85ರಷ್ಟು ಇಳಿಸುವ ಗುರಿ ಇಟ್ಟುಕೊಂಡಿದೆ. ಓಡಾಟ, ಆಹಾರ, ವಿಮಾನಯಾನ, ಕಟ್ಟಡ ಸಾಮಗ್ರಿ ಮುಂತಾದ ಪರೋಕ್ಷ ಬಾಬ್ತುಗಳಲ್ಲಿ 2010ಕ್ಕೆ ಹೋಲಿಸಿ ಶೇ. 45ರ ಇಳಿಕೆ ಅದರ ಇನ್ನೊಂದು ಗುರಿ.

ಇಂತಹ ಯೋಜನೆಯನ್ನು ಓದುವಾಗ ಪ್ರತಿಯೊಂದು ಬಾಬ್ತಿನ ಮುಂದೆಯೂ ಮೂರು ಪ್ರಶ್ನೆಗಳನ್ನು ಬರೆದುಕೊಳ್ಳಿ. ಇದನ್ನು ನಿರ್ಧರಿಸಿದವರು ಯಾರು? ಇದಕ್ಕೆ ಬೇಕಾದ ನೀರು, ಮರ, ವಿದ್ಯುತ್ತು, ಜಾಗ ಎಲ್ಲಿಂದ ಬರುತ್ತದೆ? ಲೆಕ್ಕದ ಗಡಿಯನ್ನು ಎಲ್ಲಿ ಎಳೆಯಲಾಗಿದೆ? ವಿಶ್ವವಿದ್ಯಾಲಯವು ಸಾರ್ವಜನಿಕ ಸಂಸ್ಥೆಯಾದ್ದರಿಂದ ಪ್ರತಿ ವರ್ಷವೂ ಹೊರಸೂಸುವಿಕೆಯ ವರದಿಯನ್ನು ಪ್ರಾಂತ್ಯಕ್ಕೆ ಒಪ್ಪಿಸಬೇಕಾಗುತ್ತದೆ. ಆ ವರದಿಗಳನ್ನು ವರ್ಷವಾರು ಇಳಿಸಿಕೊಂಡು ಒಂದೇ ಕೋಷ್ಟಕಕ್ಕೆ ತನ್ನಿ. ಪ್ರಕಟವಾಗದ ದಾಖಲೆ ಬೇಕಾದರೆ ಪ್ರಾಂತ್ಯದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಅರ್ಜಿ ಹಾಕಬಹುದು. ನಮ್ಮ ಮಾಹಿತಿ ಹಕ್ಕಿನ ಅರ್ಜಿಯನ್ನು ಕಂಡವರಿಗೆ ಇದು ಹೊಸದಲ್ಲ. ಉತ್ತರಕ್ಕೆ ಕಾಯ್ದೆ ನೀಡುವ ಕಾಲಾವಕಾಶ 30 ಕೆಲಸದ ದಿನಗಳು, ಅದು ವಿಸ್ತರಣೆಯಾಗುವುದೂ ಉಂಟು. ಆದ್ದರಿಂದ ಮೊದಲ ವರ್ಷದಲ್ಲಿಯೇ ಅರ್ಜಿ ಹೋಗಿರಲಿ.

ಹಂತ 3: ಎರಡೂ ದಾಖಲೆಗಳು ಸಂಧಿಸುವ ಒಂದು ನಿರ್ಧಾರವನ್ನು ಹುಡುಕಿ

‘ಮೂಲನಿವಾಸಿ ಜ್ಞಾನ ಮತ್ತು ಹವಾಮಾನ ಬದಲಾವಣೆ’ ಎಂಬುದು ಸಂಶೋಧನೆಯ ಪ್ರಶ್ನೆಯಾಗಲಾರದು. ಸದ್ಯದಲ್ಲೇ ಆಗಬೇಕಿರುವ, ಇನ್ನೂ ಬದಲಿಸಲು ಸಾಧ್ಯವಿರುವ ಒಂದು ನಿರ್ಧಾರ ಬೇಕು. ನನ್ನ ದೃಷ್ಟಿಯಲ್ಲಿ ಇಡೀ ಪ್ರಬಂಧದ ಹಣೆಬರಹ ಇಲ್ಲಿಯೇ ತೀರ್ಮಾನವಾಗುವುದರಿಂದ ಕೆಲವು ಸಾಧ್ಯತೆಗಳನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಮೊದಲನೆಯದು ವಿದ್ಯುತ್ತು. ಕಟ್ಟಡಗಳನ್ನು ಬೆಚ್ಚಗಿಡಲು ಉರಿಸುವ ನೈಸರ್ಗಿಕ ಅನಿಲವನ್ನು ಬಿಟ್ಟು ವಿದ್ಯುತ್ತಿಗೆ ಬದಲಾಗುವುದು ಕ್ಯಾಂಪಸ್ಸಿನ ಇಳಿಕೆಯ ಮುಖ್ಯ ದಾರಿಗಳಲ್ಲಿ ಒಂದು. ಬ್ರಿಟಿಷ್ ಕೊಲಂಬಿಯಾದ ವಿದ್ಯುತ್ತಿನ ಬಹುಪಾಲು ಜಲವಿದ್ಯುತ್ತಾದ್ದರಿಂದ ಇಂಗಾಲದ ಲೆಕ್ಕದಲ್ಲಿ ಅದು ಅತಿ ಕಡಿಮೆ ತೂಗುತ್ತದೆ. ಆದರೆ 1960ರ ದಶಕದಲ್ಲಿ ಪೀಸ್ ನದಿಗೆ ಕಟ್ಟಿದ ಬೆನೆಟ್ ಅಣೆಕಟ್ಟಿನ ಹಿನ್ನೀರು ತ್ಸೇ ಕೇ ಡೆನೆ ಜನರ ಊರುಗಳನ್ನೂ ಬೇಟೆಯ ನೆಲವನ್ನೂ ಮುಳುಗಿಸಿತು. ಅದೇ ನದಿಯ ಸೈಟ್ ಸಿ ಅಣೆಕಟ್ಟನ್ನು 1899ರಲ್ಲಿ ಸರ್ಕಾರದೊಂದಿಗೆ ಆದ ‘ಎಂಟನೆಯ ಒಪ್ಪಂದ’ಕ್ಕೆ ಸೇರಿದ ವೆಸ್ಟ್ ಮೋಬರ್ಲಿ, ಪ್ರಾಫೆಟ್ ರಿವರ್ ಸಮುದಾಯಗಳು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ವಿರೋಧಿಸಿದವು. ಜಲಾಶಯವನ್ನು ತುಂಬಿಸುವ ಕೆಲಸ 2024ರಲ್ಲಿ ಆರಂಭವಾಯಿತು. ಶರಾವತಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಮೊಮ್ಮಕ್ಕಳು ಈ ಸಾಲುಗಳನ್ನು ಓದುತ್ತಿದ್ದರೆ ಹೆಚ್ಚೇನೂ ವಿವರಿಸಬೇಕಾಗಿಲ್ಲ. ಅಲ್ಲಿಗೆ ಪ್ರಶ್ನೆ ಹೀಗಾಗುತ್ತದೆ: ಇಂಗಾಲದ ಲೆಕ್ಕಪತ್ರದಲ್ಲಿ ಶುದ್ಧವೆಂದು ದಾಖಲಾಗುವ ಪ್ರತಿ ಯೂನಿಟ್ಟಿನ ಹಿಂದಿರುವ ನೆಲದ ನಷ್ಟವನ್ನು ಕ್ಯಾಂಪಸ್ಸಿನ ವರದಿಯು ಯಾವ ರೀತಿಯಲ್ಲಿ ಕಾಣಿಸಬೇಕು, ಮತ್ತು ಕಾಣಿಸಿದರೆ ಉಳಿತಾಯಕ್ಕೂ ವಿದ್ಯುದೀಕರಣಕ್ಕೂ ಕೊಡುವ ಆದ್ಯತೆ ಹೇಗೆ ಬದಲಾಗುತ್ತದೆ? ಇದಕ್ಕೆ ಉತ್ತರಿಸಲು ಒಂದೇ ಒಂದು ಸಂದರ್ಶನವೂ ಬೇಕಿಲ್ಲ. ಸಮುದಾಯಗಳು ನ್ಯಾಯಾಲಯಕ್ಕೂ ಪರಿಸರ ಪರಿಶೀಲನಾ ಸಮಿತಿಗೂ ಸಲ್ಲಿಸಿದ ಸಾರ್ವಜನಿಕ ಹೇಳಿಕೆಗಳು ಸಾಕಷ್ಟಿವೆ.

ಎರಡನೆಯದು ಇಂಗಾಲ ಪರಿಹಾರದ ಹಣ. ಪ್ರಾಂತ್ಯದ ಸಾರ್ವಜನಿಕ ಸಂಸ್ಥೆಗಳು 2010ರಿಂದ ತಮ್ಮ ಉಳಿದ ಹೊರಸೂಸುವಿಕೆಗೆ ಪ್ರತಿಯಾಗಿ ಹಣ ತೆರುವ ನಿಯಮಕ್ಕೆ ಒಳಪಟ್ಟವು. ಪ್ರಾಂತ್ಯವು ಆ ಹಣದಿಂದ ಕೊಂಡ ಇಂಗಾಲ ಉಳಿತಾಯದ ಪಾಲುಗಳಲ್ಲಿ ಕರಾವಳಿಯ ಗ್ರೇಟ್ ಬೇರ್ ಕಾಡಿನ ಯೋಜನೆಯದ್ದೂ ಸೇರಿದೆ, ಅದರ ಫಲಾನುಭವಿಗಳು ಕರಾವಳಿಯ ಮೂಲನಿವಾಸಿ ಸಮುದಾಯಗಳು. ಕ್ಯಾಂಪಸ್ಸಿನ ಬಾಯ್ಲರಿನಿಂದ ಕರಾವಳಿಯ ಕಾಡಿನವರೆಗೆ ಈ ಹಣ ಸಾಗುವ ದಾರಿಯನ್ನು ಗುರುತಿಸುವುದು, ಅಲ್ಲಿ ನಿರ್ಧಾರದ ಅಧಿಕಾರ ಯಾರ ಕೈಯಲ್ಲಿದೆ ಎಂದು ತೋರಿಸುವುದು ಸಾರ್ವಜನಿಕ ನೀತಿಯ ವಿದ್ಯಾರ್ಥಿಗೆ ಒಳ್ಳೆಯ ವಸ್ತು. ಜೈವಿಕ ಇಂಧನ ಘಟಕಕ್ಕೆ ಬರುವ ಮರದ ತ್ಯಾಜ್ಯದ ಮೂಲವನ್ನೂ ಹೀಗೆಯೇ ಹಿಂಬಾಲಿಸಬಹುದು.

ಮೂರನೆಯದು ಬೆಂಕಿ. ಯುಬಿಸಿಯ ಎರಡನೆಯ ಕ್ಯಾಂಪಸ್ ಕೆಲೋನಾದಲ್ಲಿ, ಸಿಲ್ಕ್ಸ್ ಒಕನಾಗನ್ ಜನರ ನೆಲದಲ್ಲಿದೆ. 2023ರ ಆಗಸ್ಟಿನಲ್ಲಿ ಕಾಳ್ಗಿಚ್ಚಿನಿಂದಾಗಿ ಆ ಕ್ಯಾಂಪಸ್ಸನ್ನು ಖಾಲಿ ಮಾಡಬೇಕಾಯಿತು. ಸಿಲ್ಕ್ಸ್ ಜನರು ಕಾಲಕಾಲಕ್ಕೆ ಸಣ್ಣ ಬೆಂಕಿ ಹಾಕಿ ಕಾಡಿನ ನೆಲವನ್ನು ಹಗುರ ಮಾಡುತ್ತಿದ್ದರು. ಪ್ರಾಂತ್ಯವು 1874ರಷ್ಟು ಹಿಂದೆಯೇ ಕಾಡುಬೆಂಕಿಯ ಕಾಯ್ದೆಯನ್ನು ತಂದು ಇಂತಹ ಪದ್ಧತಿಗಳನ್ನು ಹತ್ತಿಕ್ಕಲು ತೊಡಗಿತು. ಇಲ್ಲಿ ಕರ್ನಾಟಕದೊಂದಿಗೆ ನಿಜವಾದ ಕೊಂಡಿಯೊಂದಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲಿ ಹಾಕುತ್ತಿದ್ದ ತರಗು ಬೆಂಕಿಯು ವನ್ಯಧಾಮದ ನಿಯಮಗಳಡಿ ನಿಂತುಹೋಯಿತು. ಲಂಟಾನ ಕಾಡನ್ನು ಆವರಿಸಲು, ನೆಲ್ಲಿಮರಗಳ ಮೇಲೆ ಬಂದಳಿಕೆ ಹೆಚ್ಚಲು ಅದೂ ಒಂದು ಕಾರಣ ಎಂದು ಸೋಲಿಗರು ಹೇಳುತ್ತ ಬಂದಿದ್ದಾರೆ, ಅಲ್ಲಿ ದೀರ್ಘಕಾಲ ಕೆಲಸ ಮಾಡಿದ, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀಯ ಸಂಶೋಧಕರೂ ಇದನ್ನು ಅವರೊಂದಿಗೆ ಅಧ್ಯಯನ ಮಾಡಿದ್ದಾರೆ. ಈ ಹಿನ್ನೆಲೆಯಿರುವ ವಿದ್ಯಾರ್ಥಿ ಕೆಲೋನಾದಲ್ಲಿ ಮೌಲಿಕವಾದ ಹೋಲಿಕೆಯನ್ನು ಬರೆಯಬಲ್ಲರು. ಒಂದು ಎಚ್ಚರಿಕೆ ಮಾತ್ರ ಅಗತ್ಯ. 2011ರಲ್ಲಿ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೆ ಮಾನ್ಯವಾದ ಸಮುದಾಯ ಹಕ್ಕು ಸಂಸತ್ತಿನ 2006ರ ಅರಣ್ಯ ಹಕ್ಕು ಕಾಯ್ದೆಯ ಚೌಕಟ್ಟಿನಲ್ಲಿ ಬಂದದ್ದು; ಸಿಲ್ಕ್ಸ್ ಜನರು ಪ್ರತಿಪಾದಿಸುವುದು ಕೆನಡಾ ಎಂಬ ರಾಜ್ಯಕ್ಕಿಂತ ಮೊದಲೇ ಇದ್ದ, ಎಂದೂ ಕೈಬಿಡದ ಒಡೆತನವನ್ನು. ಎರಡರ ತಳಹದಿಯೂ ಬೇರೆಯಾದ್ದರಿಂದ ಒಂದರ ಪರಿಹಾರವನ್ನು ಇನ್ನೊಂದಕ್ಕೆ ಹಾಗೆಯೇ ಅಂಟಿಸಬಾರದು.

ಮಳೆನೀರು, ಆಹಾರ ಖರೀದಿ, ಬಿಸಿಗಾಳಿಯ ಸಿದ್ಧತೆ ಇವೂ ಯೋಗ್ಯ ವಿಷಯಗಳೇ. 2021ರ ಜೂನ್ ಕೊನೆಯ ವಾರದ ಬಿಸಿಗಾಳಿಯಲ್ಲಿ ಲಿಟನ್ ಊರಿನ ತಾಪಮಾನ 49.6 ಡಿಗ್ರಿಗೆ ಏರಿತು, ಪ್ರಾಂತ್ಯದಲ್ಲಿ 619 ಜನರು ಬಿಸಿಲಿಗೆ ಬಲಿಯಾದರು. ತಂಪಾದ ಕಟ್ಟಡಗಳಿರುವ ವಿಶ್ವವಿದ್ಯಾಲಯವು ಅಂತಹ ದಿನಗಳಲ್ಲಿ ನೆರೆಯ ಮೂಲನಿವಾಸಿ ಊರಿಗೆ ಏನು ಹೊಣೆ ಹೊರುತ್ತದೆ ಎಂಬ ಪ್ರಶ್ನೆಗೆ ಲಿಖಿತ ಉತ್ತರವಿದೆಯೇ ಎಂದು ಹುಡುಕುವುದೇ ಒಂದು ಅಧ್ಯಾಯವಾದೀತು.

ಹಂತ 4: ಸಮುದಾಯದ ಬಾಗಿಲು ತಟ್ಟಬೇಕೇ ಎಂದು ನಿರ್ಧರಿಸಿ

ಮಸ್ಕ್ವೀಯಂ ಸಮುದಾಯದ ಸದಸ್ಯರ ಸಂಖ್ಯೆ ಎರಡು ಸಾವಿರವನ್ನೂ ಮುಟ್ಟುವುದಿಲ್ಲ. ಅವರ ಆಡಳಿತ ಕಚೇರಿಯ ಮೇಜಿನ ಮೇಲೆ ವ್ಯಾಂಕೂವರ್ ನಗರ, ಬಂದರು, ವಿಮಾನ ನಿಲ್ದಾಣ, ಪ್ರಾಂತ್ಯ, ಕೇಂದ್ರ ಸರ್ಕಾರ ಇವೆಲ್ಲವುಗಳ ಸಮಾಲೋಚನಾ ಪತ್ರಗಳು ಇರುತ್ತವೆ. ಅದರ ಮೇಲೆ, ಹತ್ತಾರು ಸಾವಿರ ವಿದ್ಯಾರ್ಥಿಗಳಿರುವ ವಿಶ್ವವಿದ್ಯಾಲಯದಿಂದ ಪ್ರತಿ ಸೆಪ್ಟೆಂಬರಿನಲ್ಲಿಯೂ ‘ಒಂದು ಗಂಟೆ ಮಾತನಾಡಬಹುದೇ’ ಎಂಬ ಕೋರಿಕೆಗಳು ಬರುತ್ತವೆ. ಒಬ್ಬೊಬ್ಬರ ಕೋರಿಕೆಯೂ ಸಣ್ಣದೇ, ಸದುದ್ದೇಶದ್ದೇ. ಒಟ್ಟು ಭಾರ ಮಾತ್ರ ಆ ಹಿರಿಯರ ಮೇಲೆ ಬೀಳುತ್ತದೆ. ಆದ್ದರಿಂದ ಸಂದರ್ಶನವನ್ನು ಕೋರುವ ಮುನ್ನ, ಈ ಪ್ರಶ್ನೆಗೆ ಉತ್ತರವನ್ನು ಅವರು ಈಗಾಗಲೇ ಎಲ್ಲಿಯಾದರೂ ಹೇಳಿದ್ದಾರೆಯೇ ಎಂದು ಪೂರ್ತಿಯಾಗಿ ಶೋಧಿಸಿ. 1976ರ ಮಸ್ಕ್ವೀಯಂ ಘೋಷಣೆಯಿಂದ ಹಿಡಿದು ಅವರ ಯೋಜನಾ ದಾಖಲೆಗಳು, ಸಾರ್ವಜನಿಕ ವಿಚಾರಣೆಗಳಲ್ಲಿ ನೀಡಿದ ಹೇಳಿಕೆಗಳು, ನ್ಯಾಯಾಲಯದ ಸಾಕ್ಷ್ಯಗಳವರೆಗೆ ಓದಬೇಕಾದದ್ದು ಬಹಳವಿದೆ.

ಸಮುದಾಯದೊಂದಿಗೆ ಕೆಲಸ ಮಾಡುವುದು ಸರಿಯೆನಿಸುವ ಸಂದರ್ಭಗಳು ಮೂರು: ಮಾರ್ಗದರ್ಶಕರಿಗೆ ಆ ಸಮುದಾಯದೊಂದಿಗೆ ಹಲವು ವರ್ಷಗಳ ನಂಟಿದ್ದು ಅದರೊಳಗೆ ನಿಮ್ಮ ಕೆಲಸ ಸೇರಿಕೊಳ್ಳುವಾಗ, ಸಮುದಾಯವೇ ಪ್ರಶ್ನೆಯೊಂದನ್ನು ಮುಂದಿಟ್ಟು ಸಂಶೋಧಕರನ್ನು ಕೇಳಿರುವಾಗ, ಅಥವಾ ನೀವೇ ಆ ಸಮುದಾಯದವರಾಗಿರುವಾಗ. ಎರಡನೆಯ ಸಂದರ್ಭದಲ್ಲಿ ಅವರು ಕೇಳಿದ್ದು ನಿಮ್ಮ ಮೂಲ ಆಸಕ್ತಿಗೆ ಹೊಂದದಿದ್ದರೂ ಅವರ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಹೊಳೆಯ ಉಷ್ಣತೆ ಅಳೆದು ಕೊಡಿ ಎಂದವರಿಗೆ ಜಾಗತಿಕ ನ್ಯಾಯದ ತಾತ್ವಿಕ ಅಧ್ಯಾಯವನ್ನು ಕೊಟ್ಟರೆ ಅದು ಅವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಯುಬಿಸಿಯ ಮೂಲನಿವಾಸಿ ಶಿಕ್ಷಣ ಕೇಂದ್ರವನ್ನು ಮುನ್ನಡೆಸಿದ ಕ್ರೀ ಶಿಕ್ಷಣತಜ್ಞೆ ವರ್ನಾ ಕರ್ಕ್‌ನೆಸ್ ಅವರು ರೇ ಬಾರ್ನ್‌ಹಾರ್ಟ್ ಜೊತೆ 1991ರಲ್ಲಿ ಮುಂದಿಟ್ಟ ನಾಲ್ಕು ತತ್ವಗಳು ಈ ಹಂತದಲ್ಲಿ ನೆರವಾಗುತ್ತವೆ: ಗೌರವ, ಪ್ರಸ್ತುತತೆ, ಕೊಡುಕೊಳ್ಳುವಿಕೆ, ಹೊಣೆಗಾರಿಕೆ. ವಿಶ್ವವಿದ್ಯಾಲಯವು ಮೂಲನಿವಾಸಿ ವಿದ್ಯಾರ್ಥಿಗಳನ್ನು ನಡೆಸಿಕೊಳ್ಳಬೇಕಾದ ರೀತಿಯ ಬಗ್ಗೆ ಹೇಳಿದ ಮಾತುಗಳಿವು, ಈಗ ಸಂಶೋಧನೆಗೂ ಅಳತೆಗೋಲಾಗಿವೆ. ನಿಮ್ಮ ಪ್ರಸ್ತಾವದ ಅಂಚಿನಲ್ಲಿ ಈ ನಾಲ್ಕನ್ನೂ ಬರೆದು ಪ್ರತಿಯೊಂದರ ಮುಂದೆ ಒಂದು ಖಚಿತವಾದ ಕ್ರಿಯೆಯನ್ನು ಬರೆಯಲು ಪ್ರಯತ್ನಿಸಿ. ‘ಕೊಡುಕೊಳ್ಳುವಿಕೆ’ಯ ಮುಂದೆ ಜಾಗ ಖಾಲಿ ಉಳಿದರೆ ಸಂದರ್ಶನದ ಯೋಚನೆಯನ್ನು ಬಿಡುವುದೇ ಲೇಸು.

ಹಂತ 5: ಮಾರ್ಗದರ್ಶಕರು, ಸಮಿತಿ, ಹಣ

ಸಮಿತಿಯಲ್ಲಿ ಮೂಲನಿವಾಸಿ ವಿದ್ವಾಂಸರೊಬ್ಬರು ಇರಬೇಕೆಂದು ಬಯಸುವುದು ಸಹಜವಾದರೂ, ಅಂತಹವರ ಸಂಖ್ಯೆ ಕಡಿಮೆ ಇದ್ದು ಅವರ ಮೇಲಿನ ಒತ್ತಡ ಹೆಚ್ಚಿರುವುದರಿಂದ, ಮೊದಲು ಅವರು ಬರೆದದ್ದನ್ನು ಓದಿ, ಅವರ ತರಗತಿಗೆ ಸೇರಿ, ಆಮೇಲೆ ಕೇಳಿ. ಕ್ಯಾಂಪಸ್ಸಿನ ಇಂಧನ ಅಥವಾ ಯೋಜನಾ ಕಚೇರಿಯ ಒಬ್ಬ ಅಧಿಕಾರಿಯ ಪರಿಚಯವೂ ಅಷ್ಟೇ ಅಗತ್ಯ. ನಿರ್ಧಾರ ಯಾವ ತಿಂಗಳಲ್ಲಿ, ಯಾವ ಸಭೆಯಲ್ಲಿ ಆಗುತ್ತದೆ ಎಂದು ಅವರಿಗೇ ಗೊತ್ತಿರುವುದು. ಯುಬಿಸಿಯಲ್ಲಿ ವಿದ್ಯಾರ್ಥಿಗಳ ಅಧ್ಯಯನವನ್ನು ಕ್ಯಾಂಪಸ್ಸಿನ ಕೆಲಸಕ್ಕೆ ಜೋಡಿಸುವ ಸೀಡ್ಸ್ ಎಂಬ ಕಾರ್ಯಕ್ರಮವೂ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ವೇತನ ಸಹಿತ ಯೋಜನೆಗಳನ್ನು ಕೊಡುವ ಸಸ್ಟೈನಬಿಲಿಟಿ ಸ್ಕಾಲರ್ಸ್ ಎಂಬ ಕಾರ್ಯಕ್ರಮವೂ ಇವೆ. ಬೇರೆ ವಿಶ್ವವಿದ್ಯಾಲಯದಲ್ಲಿದ್ದರೆ ಸುಸ್ಥಿರತೆಯ ಕಚೇರಿಯಲ್ಲಿ ವಿಚಾರಿಸಿ.

ಹಂತ 6: ನೈತಿಕ ಅನುಮತಿ ಮತ್ತು ಸಮುದಾಯದ ಒಪ್ಪಂದ

ಕೆನಡಾದ ಮೂರು ಕೇಂದ್ರ ಸಂಶೋಧನಾ ನಿಧಿ ಸಂಸ್ಥೆಗಳು ಜಂಟಿಯಾಗಿ ಹೊರಡಿಸಿರುವ ನೈತಿಕ ನೀತಿಯ ಒಂಬತ್ತನೆಯ ಅಧ್ಯಾಯವು ಪೂರ್ಣವಾಗಿ ಫಸ್ಟ್ ನೇಷನ್ಸ್, ಇನ್ಯುಯಿಟ್, ಮೆಟಿ ಎಂಬ ಮೂರು ಮೂಲನಿವಾಸಿ ಗುಂಪುಗಳ ಜನರಿಗೆ ಸಂಬಂಧಿಸಿದ ಸಂಶೋಧನೆಯ ಬಗ್ಗೆ ಇದೆ. ಸಂಶೋಧನೆಯು ಅವರ ನೆಲದಲ್ಲಿ ನಡೆಯುವುದಾದರೆ, ಅವರ ಸಾಂಪ್ರದಾಯಿಕ ಜ್ಞಾನವನ್ನು ಕೇಳುವುದಾದರೆ, ಮೂಲನಿವಾಸಿ ಗುರುತನ್ನು ಭಾಗಿಗಳ ಆಯ್ಕೆಗೆ ಮಾನದಂಡವಾಗಿ ಬಳಸುವುದಾದರೆ, ಫಲಿತಾಂಶದ ವ್ಯಾಖ್ಯಾನದಲ್ಲಿ ಆ ಜನರನ್ನು ಹೆಸರಿಸುವುದಾದರೆ ಸಮುದಾಯವನ್ನು ಒಳಗೊಳ್ಳುವುದು ಅಗತ್ಯವೆಂದು ಅದು ಹೇಳುತ್ತದೆ. ವ್ಯಕ್ತಿಯ ಒಪ್ಪಿಗೆಯ ಜೊತೆಗೆ ಸಮುದಾಯದ ಒಪ್ಪಿಗೆಯೂ ಬೇಕಾಗಬಹುದು ಎಂಬುದು ಇದರ ತಿರುಳು. ಸಾರ್ವಜನಿಕ ದಾಖಲೆಗಳನ್ನಷ್ಟೇ ಬಳಸುವ ಅಧ್ಯಯನಕ್ಕೆ ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಸಂಶೋಧನಾ ನೈತಿಕತೆಯ ಮಂಡಳಿಯ ಪರಿಶೀಲನೆ ಬೇಕಾಗುವುದಿಲ್ಲವಾದರೂ, ಮಂಡಳಿಯಿಂದ ಅದನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಿ.

ಸಮುದಾಯದೊಂದಿಗೆ ಕೆಲಸ ಮಾಡುವವರು ಲಿಖಿತ ಒಪ್ಪಂದವೊಂದನ್ನು ಮಾಡಿಕೊಳ್ಳಬೇಕು. ಪ್ರಶ್ನೆಯನ್ನು ರೂಪಿಸುವವರು ಯಾರು, ಧ್ವನಿಮುದ್ರಿಕೆ ಎಲ್ಲಿರುತ್ತದೆ, ಕರಡನ್ನು ಯಾರು ಎಷ್ಟು ದಿನಗಳಲ್ಲಿ ಓದುತ್ತಾರೆ, ಭಿನ್ನಾಭಿಪ್ರಾಯ ಬಂದರೆ ಏನು ಮಾಡುವುದು, ನಡುವೆ ಸಮುದಾಯ ಹಿಂದೆ ಸರಿದರೆ ಪ್ರಬಂಧದ ಗತಿಯೇನು ಎಂಬ ಐದು ಪ್ರಶ್ನೆಗಳಿಗೂ ಅದರಲ್ಲಿ ಉತ್ತರವಿರಲಿ. ಕೊನೆಯದನ್ನು ಯಾರೂ ಬರೆಯಲು ಇಷ್ಟಪಡುವುದಿಲ್ಲ. ಆದರೆ ‘ಬೇಡ’ ಎನ್ನುವ ಹಕ್ಕು ಇದ್ದಾಗ ಮಾತ್ರ ಒಪ್ಪಿಗೆಗೆ ಅರ್ಥ ಬರುತ್ತದೆ, ಆದ್ದರಿಂದ ಸಾರ್ವಜನಿಕ ದಾಖಲೆಗಳ ಮೇಲೆ ಮಾತ್ರ ನಿಲ್ಲಬಲ್ಲ ಪರ್ಯಾಯ ಅಧ್ಯಾಯವನ್ನು ಮೊದಲೇ ಯೋಜಿಸಿಟ್ಟುಕೊಳ್ಳಿ. ಒಪ್ಪಂದಕ್ಕೆ ಸಮುದಾಯದ ಆಡಳಿತ ಮಂಡಳಿಯ ಸಮ್ಮತಿ ಬೇಕಾದಾಗ ತಿಂಗಳುಗಳೇ ಹಿಡಿಯಬಹುದು. ಮೀನು ಬರುವ ಕಾಲ, ಸಾವು, ಸಮಾರಂಭ ಇವು ನಿಮ್ಮ ವೇಳಾಪಟ್ಟಿಗಿಂತ ಮುಖ್ಯವೆಂದು ತಿಳಿದಿರಿ. ವೀಸಾ ಅವಧಿಯ ಗಡುವು ನಿಮ್ಮ ಸಮಸ್ಯೆಯೇ ಹೊರತು ಅವರದಲ್ಲ.

ಹಂತ 7: ಮಾಹಿತಿಯ ಒಡೆತನ

ಕೆನಡಾದ ಫಸ್ಟ್ ನೇಷನ್ಸ್ 1998ರಿಂದ ಬಳಸುತ್ತಿರುವ ಒಕ್ಯಾಪ್ ತತ್ವಗಳು ನಾಲ್ಕು: ತಮ್ಮ ಬಗೆಗಿನ ಮಾಹಿತಿಯ ಮೇಲೆ ಒಡೆತನ, ನಿಯಂತ್ರಣ, ಪ್ರವೇಶ, ಸ್ವಾಧೀನ. ಇದಕ್ಕೂ ವಿಶ್ವವಿದ್ಯಾಲಯದ ರೂಢಿಗೂ ನೇರ ಘರ್ಷಣೆಯಿದೆ, ಏಕೆಂದರೆ ಪ್ರಬಂಧವು ಒಪ್ಪಿತವಾದ ಮೇಲೆ ಎಲ್ಲರಿಗೂ ಮುಕ್ತವಾದ ಭಂಡಾರಕ್ಕೆ ಸೇರುತ್ತದೆ, ಅಲ್ಲಿಂದ ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು. ಕೃತಿಸ್ವಾಮ್ಯದ ಕಾನೂನು ಬರೆದವರನ್ನು ರಕ್ಷಿಸುತ್ತದೆ, ಹೇಳಿದವರನ್ನಲ್ಲ. ಔಷಧೀಯ ಸಸ್ಯ ಬೆಳೆಯುವ ಜಾಗ, ಪವಿತ್ರ ಸ್ಥಳ, ಕುಟುಂಬಕ್ಕೆ ಸೇರಿದ ಕಥೆ ಇವು ಒಮ್ಮೆ ಪ್ರಕಟವಾದರೆ ಹಿಂತೆಗೆದುಕೊಳ್ಳಲು ಸಾಧ್ಯವಿಲ್ಲ.

ಆದ್ದರಿಂದ ಸಂಗ್ರಹಿಸುವ ಮುನ್ನವೇ ಮಾಹಿತಿಯನ್ನು ವಿಂಗಡಿಸಿ: ಪ್ರಬಂಧದಲ್ಲಿ ಬರಬಹುದಾದದ್ದು, ಸಮುದಾಯದ ಬಳಿ ಮಾತ್ರ ಇರಬೇಕಾದದ್ದು, ದಾಖಲಿಸಲೇಬಾರದ್ದು. ಮೂರನೆಯದು ಕೇಳಿಬಂದಾಗ ಧ್ವನಿಮುದ್ರಣವನ್ನು ನಿಲ್ಲಿಸಿ. ಮೂಲ ಧ್ವನಿಮುದ್ರಿಕೆ ಸಮುದಾಯದ ಭಂಡಾರಕ್ಕೆ ಹೋಗಲಿ, ನಿಮ್ಮಲ್ಲಿರುವ ಪ್ರತಿಯನ್ನು ಅಳಿಸುವ ದಿನಾಂಕವನ್ನು ಒಪ್ಪಂದದಲ್ಲಿ ನಮೂದಿಸಿ.

ಹಂತ 8: ಭೇಟಿ, ಮಾತುಕತೆ, ಗೌರವಧನ

ಯಾರನ್ನು ಹೇಗೆ ಕಾಣಬೇಕು ಎಂಬ ರೀತಿನೀತಿ ಜನಾಂಗದಿಂದ ಜನಾಂಗಕ್ಕೆ ಬದಲಾಗುತ್ತದೆ. ಕೆನಡಾದ ಬಯಲುಸೀಮೆಯ ಅನೇಕ ಸಮುದಾಯಗಳಲ್ಲಿ ಹಿರಿಯರಿಗೆ ತಂಬಾಕು ಅರ್ಪಿಸಿ ಕೇಳುವ ಪದ್ಧತಿಯಿದೆ, ಅದು ಪಶ್ಚಿಮ ಕರಾವಳಿಗೂ ಅನ್ವಯಿಸುತ್ತದೆಂದು ಊಹಿಸಬಾರದು. ಸಮುದಾಯದ ಕಚೇರಿಯಲ್ಲಿ ನೇರವಾಗಿ ಕೇಳಿದರೆ ತಿಳಿಸುತ್ತಾರೆ. ಗೌರವಧನವನ್ನು ಭೇಟಿಯ ದಿನವೇ ಕೊಡಲು ಸಾಧ್ಯವಾಗುವಂತೆ ವಿಶ್ವವಿದ್ಯಾಲಯದ ಲೆಕ್ಕಪತ್ರ ವಿಭಾಗದೊಂದಿಗೆ ವಾರಗಳ ಮುಂಚೆಯೇ ಮಾತಾಡಿ, ಹಿರಿಯರಿಂದ ಅರ್ಜಿ ನಮೂನೆ ತುಂಬಿಸಿ ತಿಂಗಳುಗಟ್ಟಲೆ ಕಾಯಿಸುವುದು ಅಗೌರವ. ಹೆಸರು ಮರೆಮಾಚುವುದು ಸಂಶೋಧನೆಯ ಸಾಮಾನ್ಯ ರೂಢಿಯಾದರೂ ಅನೇಕ ಜ್ಞಾನಧಾರಕರು ತಮ್ಮ ಹೆಸರಿನಲ್ಲಿಯೇ ಮಾತು ದಾಖಲಾಗಲಿ ಎಂದು ಬಯಸುತ್ತಾರೆ. ಒಪ್ಪಿಗೆ ಪತ್ರದಲ್ಲಿ ಎರಡೂ ಆಯ್ಕೆಗಳಿರಲಿ. ಹಾಗೆ ಹೆಸರಿಸುವಾಗ ‘ಖಾಸಗಿ ಮಾತುಕತೆ’ ಎಂದು ಅಡಿಟಿಪ್ಪಣಿಗೆ ತಳ್ಳದೆ, ನಾರ್ಕ್ವೆಸ್ಟ್ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದ ಲೊರಿಸಿಯಾ ಮಕ್ಲೌಡ್ ರೂಪಿಸಿದ, ಹಿರಿಯರ ಹೆಸರು, ಜನಾಂಗ, ನೆಲ ಎಲ್ಲವನ್ನೂ ಗ್ರಂಥಕ್ಕೆ ಸಮನಾಗಿ ನಮೂದಿಸುವ ಮಾದರಿಯನ್ನು ಬಳಸಿ.

ಹಂತ 9: ವಿಶ್ಲೇಷಣೆ ಮತ್ತು ಬರವಣಿಗೆ

ಈ ಕ್ಷೇತ್ರದಲ್ಲಿ ‘ಎರಡು ಕಣ್ಣಿನ ನೋಟ’ ಎಂಬ ಪರಿಕಲ್ಪನೆ ಬಹಳ ಪ್ರಸಿದ್ಧ. ಒಂದು ಕಣ್ಣಿನಿಂದ ಮೂಲನಿವಾಸಿ ಜ್ಞಾನದ ಬಲವನ್ನೂ ಇನ್ನೊಂದರಿಂದ ಪಾಶ್ಚಾತ್ಯ ವಿಜ್ಞಾನದ ಬಲವನ್ನೂ ಕಂಡು ಎರಡನ್ನೂ ಒಟ್ಟಿಗೆ ಬಳಸುವುದು ಅದರ ಸಾರ. ಅದನ್ನು ರೂಪಿಸಿದವರು ಅಟ್ಲಾಂಟಿಕ್ ತೀರದ ಮಿಗ್ಮಾ ಹಿರಿಯರಾದ ಆಲ್ಬರ್ಟ್ ಮತ್ತು ಮರ್ಡಿನಾ ಮಾರ್ಷಲ್ ದಂಪತಿಗಳು. ಖಂಡದ ಆ ತುದಿಯ ಚಿಂತನೆಯನ್ನು ಈ ತುದಿಯ ಮಸ್ಕ್ವೀಯಂ ನೆಲಕ್ಕೆ ಯೋಚಿಸದೆ ತಂದು ಹಚ್ಚಿ ‘ಮೂಲನಿವಾಸಿ ವಿಧಾನ’ ಎಂದು ಕರೆದರೆ, ಭಿನ್ನ ಜನರನ್ನೆಲ್ಲ ಒಂದೇ ರಾಶಿಗೆ ಹಾಕಿದಂತಾಗುತ್ತದೆ. ಯಾವ ನೆಲದ ಮೇಲೆ ಕೆಲಸ ಮಾಡುತ್ತೀರೋ ಆ ನೆಲದವರ ಚಿಂತನೆಯಿಂದ ಆರಂಭಿಸಿ. ಹೊರಗಿನದನ್ನು ಬಳಸಿದರೆ ಅದು ಯಾರದೆಂದು ಹೇಳಿ.

ವಿಶ್ಲೇಷಣೆಗೆ ಸರಳವಾದ ಒಂದು ವಿಧಾನವನ್ನು ಸೂಚಿಸುತ್ತೇನೆ. ಹವಾಮಾನ ಯೋಜನೆಯ ಪ್ರತಿ ಕ್ರಮವನ್ನೂ ಒಂದು ಸಾಲಿನಲ್ಲಿ ಬರೆದು, ಎದುರಿಗೆ ಮೂಲನಿವಾಸಿ ಕಾರ್ಯತಂತ್ರ ಯೋಜನೆಯ 43 ಕ್ರಮಗಳಲ್ಲಿ ಅದಕ್ಕೆ ತಾಗುವಂಥದ್ದನ್ನು ಗುರುತಿಸಿ. ಆಮೇಲೆ ಪ್ರತಿ ಸಾಲಿಗೂ, ಮೂಲನಿವಾಸಿಗಳಿಗೆ ಇಲ್ಲಿರುವ ಪಾತ್ರ ಯಾವುದು ಎಂಬುದನ್ನು ದಾಖಲೆಯ ಕ್ರಿಯಾಪದಗಳಿಂದಲೇ ವಿಂಗಡಿಸಿ: ಸ್ಮರಿಸಲಾಗಿದೆ, ತಿಳಿಸಲಾಗಿದೆ, ಸಮಾಲೋಚಿಸಲಾಗಿದೆ, ಜೊತೆಗೂಡಿ ನಿರ್ಧರಿಸಲಾಗಿದೆ. ಅದರ ಪಕ್ಕದಲ್ಲಿ ಆ ಕ್ರಮಕ್ಕೆ ಮೀಸಲಿಟ್ಟ ಹಣವನ್ನೂ ಹೊಣೆ ಹೊತ್ತ ಕಚೇರಿಯನ್ನೂ ಬರೆಯಿರಿ. ಹಣ ಇರುವ ಸಾಲುಗಳಲ್ಲಿ ಅಧಿಕಾರ ಹಂಚಿಕೆಯಾಗಿದೆಯೇ, ಅಥವಾ ಹಂಚಿಕೆ ಕೇವಲ ಹಣವಿಲ್ಲದ ಸಾಲುಗಳಲ್ಲಿದೆಯೇ ಎಂಬುದನ್ನು ಈ ಕೋಷ್ಟಕ ತೋರಿಸುತ್ತದೆ. ಫಲಿತಾಂಶ ಏನೇ ಬಂದರೂ ಅದನ್ನು ನೇರವಾಗಿ ಬರೆಯಿರಿ. ವಿಶ್ವವಿದ್ಯಾಲಯವು ಒಳ್ಳೆಯದನ್ನು ಮಾಡಿದ್ದರೆ ಅದೂ ದಾಖಲಾಗಲಿ.

ನಿಮ್ಮ ಸ್ಥಾನವನ್ನು ವಿವರಿಸುವ ಭಾಗವನ್ನು ಚಿಕ್ಕದಾಗಿ ಇಡಿ. ವಸಾಹತಿನ ನೋವನ್ನು ಉಂಡ ದೇಶದಿಂದ ಬಂದವರು ನಾವು ಎಂಬ ಕಾರಣಕ್ಕೆ ಅಲ್ಲಿ ನಮಗೆ ಹೊಣೆಯಿಲ್ಲ ಎಂದಾಗುವುದಿಲ್ಲ. ಆ ನೆಲದ ಮೇಲೆ ಕಟ್ಟಿದ ವಿಶ್ವವಿದ್ಯಾಲಯದಿಂದ ಪದವಿ ಪಡೆಯುವವರು ನಾವೂ ಆಗಿದ್ದೇವೆ. ಊರಿನಲ್ಲಿ ಕಾಡಿನ ಜನರನ್ನು ನಾವು ನಡೆಸಿಕೊಂಡ ಬಗೆಯನ್ನೂ ಅಲ್ಲಿ ಪ್ರಾಮಾಣಿಕವಾಗಿ ಹೇಳಬಹುದು.

ಹಂತ 10: ಸಲ್ಲಿಕೆ ಮತ್ತು ಆಮೇಲಿನ ಕೆಲಸ

ಪ್ರಬಂಧವನ್ನು ಮುಕ್ತ ಭಂಡಾರಕ್ಕೆ ಸೇರಿಸುವ ಮುನ್ನ ಸಮುದಾಯದ ಓದುಗರು ಕೊನೆಯ ಕರಡನ್ನು ನೋಡಿ ಮುಗಿಸಿರಬೇಕು. ಕಾಲ ಸಾಲದಿದ್ದರೆ ಪ್ರಕಟಣೆಯನ್ನು ತಡೆಹಿಡಿಯಲು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ಅವಕಾಶವಿದೆ. ಕ್ಯಾಂಪಸ್ಸಿನ ಕಚೇರಿಗೆ ನೂರೈವತ್ತು ಪುಟಗಳ ಪ್ರಬಂಧದಿಂದ ಉಪಯೋಗವಾಗದು. ಯಾವ ನಿರ್ಧಾರ, ಈಗಿನ ಕರಡಿನ ಯಾವ ವಾಕ್ಯ, ಅದರ ಬದಲಿಗೆ ಯಾವ ವಾಕ್ಯ ಎಂದು ಹೇಳುವ ನಾಲ್ಕು ಪುಟಗಳ ಟಿಪ್ಪಣಿಯನ್ನು ಪ್ರತ್ಯೇಕವಾಗಿ ಬರೆದು, ನಿರ್ಧಾರದ ಸಭೆಗೆ ಮುಂಚೆಯೇ ತಲುಪಿಸಿ. ಅದೇ ಟಿಪ್ಪಣಿಯ ಪ್ರತಿಯನ್ನು ಸಮುದಾಯದ ಕಚೇರಿಗೂ ಕಳುಹಿಸಿ. ನೀವು ತಯಾರಿಸಿದ ಕೋಷ್ಟಕ, ಮಾಹಿತಿ ಹಕ್ಕಿನ ಉತ್ತರಗಳು, ಓದಿನ ಪಟ್ಟಿ ಇವನ್ನು ಮಾರ್ಗದರ್ಶಕರ ಬಳಿ ಕ್ರಮವಾಗಿ ಬಿಟ್ಟುಹೋದರೆ, ಮುಂದಿನ ವರ್ಷ ಬರುವ ವಿದ್ಯಾರ್ಥಿಯು ಅದೇ ಹಿರಿಯರನ್ನು ಅದೇ ಪ್ರಶ್ನೆ ಕೇಳುವುದು ತಪ್ಪುತ್ತದೆ.